ಚೆಂಡು ಎತ್ತಿ ಕೊಟ್ಟಾಕಿ

ವಾಲಿಬಾಲ್ ಪಂದ್ಯ ನೋಡಲು ನನ್ನನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋದವರು ಮುಂದಿನ ಸಲ ಕರೆಯುವ ಮುನ್ನ ತುಸು ಯೋಚಿಸುತ್ತಾರೆ. ನಾನು ಚಪ್ಪಾಳೆ ತಟ್ಟುವುದು ತಪ್ಪು ಸಮಯಕ್ಕೆ. ಬಲೆಯ ಹತ್ತಿರ ಒಬ್ಬ ಹುಡುಗಿ ಚೆಂಡನ್ನು ಮೆಲ್ಲಗೆ ಮೇಲಕ್ಕೆ ಎತ್ತುತ್ತಾಳೆ, ಇನ್ನೊಬ್ಬಳು ಹಾರಿ ಅದನ್ನು ಎದುರಾಳಿಗಳ ಅಂಗಳಕ್ಕೆ ಅಪ್ಪಳಿಸುತ್ತಾಳೆ, ಜನ ಹೋ ಎಂದು ಕೈ ತಟ್ಟುತ್ತಾರೆ, ಇದು ಲೋಕರೂಢಿ. ನನ್ನ ಕೈಗಳು ಮಾತ್ರ ಚೆಂಡು ಮೇಲಕ್ಕೆ ಏಳುತ್ತಿರುವಾಗಲೇ ತಟ್ಟಿ ಮುಗಿಸಿ, ಎಲ್ಲರೂ ತಟ್ಟುವ ಹೊತ್ತಿಗೆ ಮಡಿಲಲ್ಲಿ ವಿಶ್ರಾಂತಿ ಪಡೆಯುತ್ತಿರುತ್ತವೆ. ಪಕ್ಕದವರು ತಿರುಗಿ ನೋಡುತ್ತಾರೆ. ಪಾಪ, ವಯಸ್ಸಾಯಿತು ಎಂಬ ಅನುಕಂಪ ಅವರ ಮುಖದಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ವಯಸ್ಸಾದದ್ದು ನಿಜ. ಆದರೆ ಈ ದುರಭ್ಯಾಸ ನನಗೆ ಅಂಟಿಕೊಂಡದ್ದು ತುಂಬು ಹರೆಯದಲ್ಲಿ, ಕಳೆದ ಶತಮಾನದ ನಾಲ್ವತ್ತರ ದಶಕ ಮುಗಿಯುತ್ತ ಬಂದಿದ್ದಾಗ, ವಿಜಾಪುರದ ಒಂದು ಬಯಲಿನಲ್ಲಿ.

ಆಗ ಊರಿಗೆ ಕಾಲೇಜು ಹೊಸದು, ಕಾಲೇಜಿಗೆ ಹುಡುಗಿಯರು ಇನ್ನೂ ಹೊಸಬರು. ಸ್ತ್ರೀವರ್ಗವನ್ನೆಲ್ಲ ಒತ್ತಿ ಕೂರಿಸಿದರೆ ಎರಡು ಮೂರು ಟಾಂಗಾಗಳಲ್ಲಿ ಊರು ಸುತ್ತಿಸಿಬಿಡಬಹುದಿತ್ತು. ವ್ಯಾಯಾಮದ ಮಾಸ್ತರರು ಉತ್ಸಾಹಿಗಳು. ಎರಡು ಗಳ ನೆಟ್ಟು, ಬಲೆ ಕಟ್ಟಿ, ನಮ್ಮನ್ನು ಬಯಲಿಗೆ ಎಳೆದರು. ಆಡಲು ಒಪ್ಪಿದವರು ಏಳು ಜನ, ಆಟಕ್ಕೆ ಬೇಕಾದವರು ಆರು. ಉಳಿಯುತ್ತಿದ್ದ ಒಬ್ಬಳು ಯಾವಾಗಲೂ ನಾನೇ. ನನಗೂ ಚೆಂಡಿಗೂ ಇದ್ದದ್ದು ಪರಸ್ಪರ ಗೌರವದ ಸಂಬಂಧ. ಅದು ಬಂದರೆ ನಾನು ವಿನಯದಿಂದ ಸರಿದು ದಾರಿ ಬಿಡುತ್ತಿದ್ದೆ. ಹೀಗಾಗಿ ನೀರಿನ ತಂಬಿಗೆಯ ಅಧಿಪತ್ಯ ನನ್ನ ಪಾಲಿಗೆ ಬಂದಿತ್ತು, ಅದನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ವಕೀಲರ ಮಗಳು ಶಾಂತಾ ನಮ್ಮ ತಂಡದ ಕೀರ್ತಿಧ್ವಜ. ಹೆಸರು ಶಾಂತಾ, ಆಟ ರೌದ್ರ. ನಮಗೆಲ್ಲರಿಗಿಂತ ಒಂದು ಗೇಣು ಎತ್ತರ. ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಹಾರಿದಳೆಂದರೆ ಬೇಲಿಯಾಚೆ ಸೈಕಲ್ ನಿಲ್ಲಿಸಿಕೊಂಡ ಪೇಟೆಯ ಮಂದಿ ಉಸಿರು ಬಿಗಿಹಿಡಿಯುತ್ತಿದ್ದರು. ಚೆಂಡು ಮೇಲೇರಿದಾಗ ಹಿಂದೆ ಗೋಳಗುಮ್ಮಟ ಕಾಣುತ್ತಿತ್ತು, ಕೆಳಗಿಳಿದಾಗ ಧೂಳು ಕಾಣುತ್ತಿತ್ತು. ನಡುವೆ ನಡೆದದ್ದೆಲ್ಲ ಶಾಂತಾಳ ಪರಾಕ್ರಮವೆಂದು ಊರು ನಂಬಿತ್ತು, ಶಾಂತಾಳೂ ಆ ನಂಬಿಕೆಗೆ ಅಡ್ಡಿ ಬರಲಿಲ್ಲ.

ಆದರೆ ಚೆಂಡು ತಾನಾಗಿಯೇ ಹೋಗಿ ಅಷ್ಟೆತ್ತರದಲ್ಲಿ ಕಾಯುತ್ತಿರಲಿಲ್ಲವಲ್ಲ. ಅದನ್ನು ಕಳಿಸುತ್ತಿದ್ದವಳು ಗಂಗಾ. ತವರು ಬಬಲೇಶ್ವರ, ಕೊಟ್ಟ ಮನೆ ತಿಕೋಟಾ, ಎರಡೂ ಕಡೆ ಒಕ್ಕಲುತನ. ಗಂಡ ಪುಣೆಯಲ್ಲಿ ಓದುತ್ತಿದ್ದ. ಮಗನ ಸರಿಜೋಡಿಯಾಗಿ ಸೊಸೆಯೂ ನಾಲ್ಕಕ್ಷರ ಕಲಿಯಲಿ ಎಂದು ಮಾವ ಹಟ ಹಿಡಿದು ಅವಳನ್ನು ಜೋರಾಪುರ ಪೇಟೆಯಲ್ಲಿ, ನಮ್ಮ ಪಕ್ಕದಲ್ಲೇ ಇದ್ದ ನೆಂಟರ ಮನೆಯಲ್ಲಿರಿಸಿ ಕಾಲೇಜಿಗೆ ಸೇರಿಸಿದ್ದರು. ಅವಳ ಆಟದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅದೇ ಅದರ ಹೆಚ್ಚುಗಾರಿಕೆ. ಎಲ್ಲಿಂದಲೋ ವಕ್ರವಾಗಿ ಬಂದ ಚೆಂಡಿನ ಕೆಳಗೆ ಸದ್ದಿಲ್ಲದೆ ಸರಿದು ನಿಂತು, ಬೆರಳ ತುದಿಗಳಿಂದ ಅದನ್ನು ಒಮ್ಮೆ ಸಮಾಧಾನಪಡಿಸಿ, ಬಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ, ಶಾಂತಾಳ ಅಂಗೈಗೆ ಒದಗುವಂತೆ ಬಿಡುತ್ತಿದ್ದಳು. ಕಷ್ಟವೇ ಕಾಣದಂತೆ ಮಾಡಿದ ಕೆಲಸಕ್ಕೆ ಚಪ್ಪಾಳೆ ಎಲ್ಲಿಂದ ಬರಬೇಕು ಹೇಳಿ? ಅಡುಗೆ ಕೆಟ್ಟ ದಿನವಷ್ಟೇ ಅಡುಗೆ ಮಾಡಿದವರ ನೆನಪಾಗುವ ಮನೆಗಳಲ್ಲಿ ಬೆಳೆದವರು ನಾವು.

ಗಂಗಾಳಲ್ಲಿ ಮಾಸ್ತರರಿಗೆ ಕಂಡ ದೋಷ ಒಂದೇ. ಚೆಂಡು ಎತ್ತುವವಳು ಹೊಡೆಯುವವಳ ಹೆಸರು ಹಿಡಿದು ಕೂಗಬೇಕೆಂಬುದು ಅವರ ಕಟ್ಟಳೆ. ಉಳಿದವರೆಲ್ಲ ‘ಶಾಂತಾ, ಹೊಡಿ’ ಎಂದು ಗಂಟಲು ಹರಿಯುವಂತೆ ಒದರುತ್ತಿದ್ದರು. ಗಂಗಾಳ ಬಾಯಿಂದ ಮಾತ್ರ ಸೊಲ್ಲಿಲ್ಲ. ಮಾಸ್ತರರು ಗದರಿದರು, ಗೋಗರೆದರು, ಕೊನೆಗೆ ಹಳ್ಳಿಯ ಹುಡುಗಿ, ನಾಚಿಕೆ ಹೆಚ್ಚು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಿಜವಾದ ಕಾರಣ ಬಲ್ಲವಳು ನಾನೊಬ್ಬಳೇ. ಗಂಗಾಳ ಅತ್ತೆಯ ಹೆಸರು ಶಾಂತವ್ವ. ಗಂಡನ ಹೆಸರನ್ನು, ಅತ್ತೆಮಾವಂದಿರ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮದುವೆ, ಸೀಮಂತಗಳಲ್ಲಿ ಗಂಡನ ಹೆಸರನ್ನಾದರೂ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಹೇಳಿ ಪಾರಾಗಬಹುದು. ಚೆಂಡು ಗಾಳಿಯಲ್ಲಿರುವಾಗ ಒಡಪು ಕಟ್ಟುವ ವ್ಯವಧಾನ ಯಾವ ಕವಯಿತ್ರಿಗಿದೆ?

‘ಅತ್ತಿ ಹೆಸರ ತಗೊಳ್ಳೂದೇ ತಪ್ಪು. ಅದರಾಗ ಹೊಡಿ ಅಂತ ಬ್ಯಾರೆ ಅನ್ಲೇನು?’ ಎಂದು ಅವಳು ಒಮ್ಮೆ ನನ್ನನ್ನು ಗಂಭೀರವಾಗಿ ಕೇಳಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಕೂಗಲು ಬಾರದ ಕೊರತೆಯನ್ನು ಅವಳು ಕೈಯಲ್ಲೇ ತುಂಬಿಕೊಂಡಳು. ಚೆಂಡು ದಿನವೂ ಅದೇ ಜಾಗಕ್ಕೆ, ಅದೇ ಎತ್ತರಕ್ಕೆ ಹೋಗಿ ನಿಲ್ಲುವಾಗ ಶಾಂತಾಳನ್ನು ಕರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಧಾರವಾಡದ ಕಡೆಯ ಕಾಲೇಜಿನ ಹುಡುಗಿಯರು ನಮ್ಮೊಡನೆ ಆಡಲು ಬಂದ ದಿನವೇ ತಿಕೋಟಾದಿಂದ ಶಾಂತವ್ವನವರೂ ಬಂದಿಳಿದರು. ಸೊಸೆ ಬಯಲಿನಲ್ಲಿ ಗಂಡಸರೆದುರು ಜಿಗಿಯುತ್ತಾಳೆಂಬ ಸುದ್ದಿ ಅವರಿಗೆ ಮುಟ್ಟಿತ್ತು, ದಾರಿಯಲ್ಲಿ ಅದಕ್ಕೆ ಕೈಕಾಲೂ ಮೂಡಿದ್ದವು. ಮಾವನವರು ‘ನೀ ನೋಡಿ ಬಾ, ನೀ ಹೇಳಿದಂಗ ಆಗ್ಲಿ’ ಎಂದು ಹೆಂಡತಿಗೆ ಬಿಟ್ಟುಕೊಟ್ಟಿದ್ದರಂತೆ. ಶಾಂತವ್ವನವರು ನೋಡುವ ಮೊದಲೇ ನಿರ್ಧರಿಸಿಯಾಗಿತ್ತು: ಆಟ ಮುಗಿದೊಡನೆ ಸಂಜೆಯ ಮೋಟಾರಿಗೆ ಗಂಗಾಳನ್ನು ಊರಿಗೆ ಕರೆದೊಯ್ಯುವುದು. ಒಮ್ಮೆ ಹೋದರೆ ಮರಳಿ ಬರುವ ಮಾತಿಲ್ಲ, ಆಟಕ್ಕೂ ಓದಿಗೂ ಅಲ್ಲಿಗೇ ಮುಕ್ತಾಯ. ಗಂಗಾ ಇದನ್ನು ಸೆರಗು ಬಿಗಿಯುತ್ತ ಹೇಳಿದಳು, ಅಳಲಿಲ್ಲ. ಅಳು ಬಂದದ್ದು ನನಗೆ.

ಜಮಖಾನದ ಮೇಲೆ, ತಲೆತುಂಬ ಸೆರಗು ಹೊದ್ದು ಕೂತ ಶಾಂತವ್ವನವರ ಪಕ್ಕದಲ್ಲಿ ತಂಬಿಗೆ ಸಮೇತ ನಾನು ಕೂತೆ. ಆಟ ಶುರುವಾಗಿ ಬಯಲೆಲ್ಲ ‘ಶಾಂತಾ, ಹೊಡಿ’ ಎಂದು ಮೊರೆದಾಗ ಅವರು ಬೆಚ್ಚಿ ಸುತ್ತಲೂ ನೋಡಿದರು. ‘ನನ್ನ ಯಾಕ ಕರ್ಯಾಕತ್ತಾರವಾ?’ ಎಂದರು. ಎತ್ತರದ ಹುಡುಗಿಯ ಹೆಸರೂ ಅದೇ ಎಂದು ತಿಳಿಸಿದೆ. ಕೆಲಹೊತ್ತಿನ ಮೇಲೆ, ‘ಮತ್ತ ನಮ್ಮಾಕಿ ಯಾಕ ಮೂಕಿ ಹಂಗ ನಿಂತಾಳ? ಉಳದಾರೆಲ್ಲಾ ಒದರಾಕತ್ತಾರಲ್ಲ?’ ಎಂದು ಕೇಳಿದರು. ಇನ್ನು ಮುಚ್ಚಿಡುವುದೇನು ಎಂದು ನಾನು ‘ನಿಮ್ಮ ಹೆಸರ ಹಿಡದು ಹೊಡಿ ಅಂತ ಹೆಂಗ ಅನ್ಲಿ ಅಂತಾಳ್ರಿ’ ಎಂದುಬಿಟ್ಟೆ. ಅವರು ಮತ್ತೆ ಬಯಲಿನ ಕಡೆ ತಿರುಗಿದರು. ಮುಖ ಸೆರಗಿನ ಮರೆಯಲ್ಲಿತ್ತು.

ನೆರೆದವರ ಕಣ್ಣೆಲ್ಲ ಶಾಂತಾಳ ಮೇಲಿದ್ದವು. ಆಟದ ಗಂಧಗಾಳಿ ಇಲ್ಲದ ಶಾಂತವ್ವನವರ ಕಣ್ಣು ಮಾತ್ರ ಸೊಸೆಯನ್ನು ಬಿಟ್ಟು ಕದಲಲಿಲ್ಲ. ‘ಇದು ಬಣವಿ ಒಟ್ಟೂದು ಇದ್ದಂಗ ಐತಲ್ಲವಾ’ ಎಂದರು ಮೆಲ್ಲಗೆ, ಹೊಸದೇನನ್ನೋ ಕಂಡವರ ಹಾಗೆ. ಸುಗ್ಗಿ ಮುಗಿದ ಮೇಲೆ ಜೋಳದ ಕಣಿಕೆಯನ್ನು, ಎಂದರೆ ಒಣ ದಂಟನ್ನು, ಕಂತೆ ಕಂತೆಯಾಗಿ ಸೂಡು ಕಟ್ಟಿ ಬಣವೆ ಒಟ್ಟುವಾಗ ಒಬ್ಬರು ಮೇಲೆ ನಿಲ್ಲುತ್ತಾರೆ, ಒಬ್ಬರು ಕೆಳಗಿನಿಂದ ಸೂಡು ಎಸೆಯುತ್ತಾರೆ. ಎಸೆದದ್ದು ಮೇಲಿನವರ ಕೈಗೇ ಹೋಗಬೇಕು. ತಪ್ಪಿದರೆ ಅವರ ಸೊಂಟವೂ ಹೋಗುತ್ತದೆ, ಬಣವೆಯೂ ವಾಲುತ್ತದೆ. ಬಣವೆ ಚೆಂದವಾದರೆ ಹೆಸರು ಬರುವುದು ಮೇಲೆ ನಿಂತವರಿಗೆ.

‘ಬಬಲೇಶ್ವರಕ್ಕ ಕನ್ಯಾ ನೋಡಾಕ ಹೋದಾಗ ಈಕಿ ಹಿತ್ತಲದಾಗ ಸೂಡು ಎಸ್ಯಾಕತ್ತಿದ್ಲು. ಒಂದೂ ಕೆಳಗ ಬೀಳಲಿಲ್ಲ. ಅದನ್ನ ನೋಡೇ ನಾ ಒಪ್ಪೀನಿ’ ಎಂದರು ಶಾಂತವ್ವನವರು.

ಅವರ ಕಣ್ಣಿನ ಜಾಡು ಹಿಡಿದು ನಾನೂ ನೋಡತೊಡಗಿದೆ. ಚೆಂಡು ಏಳುವುದೇ ಆಟ, ಬೀಳುವುದು ಬರಿಯ ಉಪಸಂಹಾರ ಎನ್ನಿಸಿತು. ಎಂಥ ಸಂತೋಷವಾಯಿತೆಂದರೆ, ನನಗೇ ತಿಳಿಯದಂತೆ ಚಪ್ಪಾಳೆ ತಟ್ಟಿದ್ದೆ. ನನ್ನ ಕೈ ಕೆಟ್ಟದ್ದು ಆ ಜಮಖಾನದ ಮೇಲೆಯೇ.

ಕೊನೆಗೆ ಎರಡೂ ಕಡೆ ಸರಿಸಮವಾಗಿ ಆಡುತ್ತ, ನಮಗೆ ಇನ್ನೊಂದು ಅಂಕ ಬಂದರೆ ಪಂದ್ಯ ನಮ್ಮದೇ ಎಂಬಲ್ಲಿಗೆ ಬಂತು. ಎದುರಿನವರು ಹೊಡೆದ ಚೆಂಡು ನಮ್ಮವಳೊಬ್ಬಳ ಮೊಣಕೈಗೆ ಬಡಿದು ಎಲ್ಲೋ ಹಾರಿತು. ಗಂಗಾ ಓಡಿಹೋಗಿ, ಹೆಚ್ಚುಕಡಿಮೆ ನೆಲಕ್ಕೆ ಕೂತು ಅದನ್ನು ಎತ್ತಿದಳು. ಆದರೆ ಅದು ಹೊರಟದ್ದು ಬಲೆಯ ಇನ್ನೊಂದು ಕೊನೆಗೆ. ಅಲ್ಲಿದ್ದ ಶಾಂತಾ ಚೆಂಡು ಸತ್ತಿತೆಂದು ತಿಳಿದು, ಬೆನ್ನು ತಿರುಗಿಸಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದಾಳೆ. ಬಯಲೂ ಹಾಗೇ ತಿಳಿದು ಸುಮ್ಮನಾಗಿದೆ. ಗಂಗಾಳ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಚೆಂಡು ಇಳಿಯತೊಡಗಿತು.

‘ಏ ಶಾಂತಾ, ಇತ್ತ ನೋಡು, ಹೊಡಿ’ ಎಂಬ ಕೂಗು ನನ್ನ ಪಕ್ಕದಿಂದಲೇ ಎದ್ದಿತು. ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಿಸಿ ರೂಢಿಯಾದ ಕಂಠ. ಶಾಂತವ್ವನವರು ಎದ್ದು ನಿಂತಿದ್ದರು, ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು. ಕೇಳರಿಯದ ದನಿಗೆ ಶಾಂತಾ ಗಕ್ಕನೆ ತಿರುಗಿದಳು, ಚೆಂಡು ಕಂಡಳು, ಹಾರಿದಳು. ಮುಂದಿನದು ಧೂಳು, ಶಿಳ್ಳೆ, ಗದ್ದಲ.

ಜನ ಶಾಂತಾಳನ್ನು ಮುತ್ತಿಕೊಂಡರು. ಮಾಸ್ತರರು ಅವಳ ಕೈ ಕುಲುಕಿ ಕಣ್ಣೊರಸಿಕೊಂಡರು. ಶಾಂತವ್ವನವರು ಆ ಗುಂಪನ್ನು ಬಳಸಿಕೊಂಡು ಬಲೆಯ ಆಚೆ ಕೊನೆಯಲ್ಲಿ ಮೊಣಕಾಲಿನ ಮಣ್ಣು ಜಾಡಿಸುತ್ತಿದ್ದ ಸೊಸೆಯ ಬಳಿ ನಡೆದರು, ನಾನೂ ಹಿಂಬಾಲಿಸಿದೆ. ಗಂಗಾ ತಲೆ ತಗ್ಗಿಸಿಯೇ ‘ಮೋಟಾರಿನ ಹೊತ್ತಾತ್ರಿ ಅತ್ತೀ, ಹೋಗೂಣೇನ್ರಿ?’ ಎಂದಳು. ಶಾಂತವ್ವನವರು ಅವಳ ಮುಖವನ್ನು ಎರಡೂ ಕೈಯಿಂದ ಸವರಿ, ತಮ್ಮ ಕಣತಲೆಗೆ ಬೆರಳೊತ್ತಿ ಲಟಲಟ ಲಟಿಕೆ ಮುರಿದು ದೃಷ್ಟಿ ತೆಗೆದರು.

‘ನೀ ಎಲ್ಲಿಗೆ ಬರ್ತೀ?’ ಎಂದರು. ‘ನೀ ನನ್ನ ಸಂಗಾಟ ಬಂದ್ರ ಆ ಶಾಂತಾಗ ಸೂಡು ಎಸ್ಯಾಕಿ ಯಾರು?’