ಅಕ್ಕನಿಗೆ ಹಿಡಿಸಿದ ಔಷಧಿ

ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಸಣ್ಣ ಅಂಗಡಿಯಲ್ಲಿ ಅಕ್ಕ ಹಾಳೆ ಮಡಚುತ್ತಿದ್ದಳು, ತಂಗಿ ಹೊಲಿಯುತ್ತಿದ್ದಳು. ಮನೆಯಲ್ಲಿಯೂ ಅದೇ ಕ್ರಮ. ಯಾವುದನ್ನೇ ಆಗಲಿ ಅಕ್ಕ ಮೊದಲು ಮಾಡಿ ನೋಡಬೇಕು. ಅವಳಿಗೆ ಒಗ್ಗಿದ್ದು ಚಿಕ್ಕವಳಿಗೂ ಒಗ್ಗುತ್ತದೆಂದು ತಾಯಿ ಹಾಕಿಕೊಟ್ಟ ರೂಢಿ ಅದು. ಅಕ್ಕ ಹಾಕಿ ಬಿಟ್ಟ ಅಂಗಿ, ಅಕ್ಕ ಓದಿದ ಶಾಲೆ, ಅಕ್ಕನ ಜ್ವರ ಬಿಡಿಸಿದ ಮಾತ್ರೆ, ಎಲ್ಲವೂ ತಂಗಿಗೆ ಇಳಿದು ಬರುತ್ತಿದ್ದವು.

ಅಕ್ಕನ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡಾಗ ಅದಿನ್ನೂ ಆರಂಭದ ಹಂತದಲ್ಲಿತ್ತು. ಶಸ್ತ್ರಚಿಕಿತ್ಸೆಯ ಬಳಿಕ ವರ್ಷವಿಡೀ ಇಂಜೆಕ್ಷನ್. ಗಡ್ಡೆಯ ಜೀವಕೋಶಗಳ ಮೇಲಿನ ಒಂದು ಗುರುತನ್ನು ಹುಡುಕಿ ಹಿಡಿಯುವ ಔಷಧಿ ಅದೆಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಪ್ರತಿ ಸಲವೂ ತಂಗಿ ಜೊತೆಗೆ ಹೋಗಿ, ಪಕ್ಕದಲ್ಲಿ ಕೂತು, ಅಂಗಡಿಗೆ ಬರುವವರನ್ನೆಲ್ಲ ಅಣಕಿಸಿ ಅಕ್ಕನನ್ನು ನಗಿಸುತ್ತಿದ್ದಳು.

ಆ ದಿನಗಳಲ್ಲಿಯೇ ತಂಗಿಯ ಎದೆಯಲ್ಲಿಯೂ ಗಂಟೊಂದು ಕೈಗೆ ತಾಗಿತ್ತು. ಅವಳು ಹೆದರಲಿಲ್ಲ. ಅಕ್ಕನದು ಮುಗಿಯಲಿ, ಆಮೇಲೆ ತನಗೂ ಅದೇ ಔಷಧಿ ಇದ್ದೇ ಇದೆ ಎಂದುಕೊಂಡು ತುಟಿ ಬಿಚ್ಚಲಿಲ್ಲ. ಕೊನೆಯ ಇಂಜೆಕ್ಷನ್ ಆದ ದಿನ ಊಟಕ್ಕೆ ಕೂತಾಗ, ಗಂಟಿನ ವಿಷಯವನ್ನು ಹವೆಯ ಸಮಾಚಾರ ಹೇಳುವಂತೆ ಹೇಳಿದಳು. ಅಕ್ಕನ ಕೈಯ ತುತ್ತು ಕೈಯಲ್ಲಿಯೇ ಉಳಿಯಿತು.

ಪರೀಕ್ಷೆಯಾಯಿತು. ತಂಗಿಯ ರೋಗ ಆಗಲೇ ಯಕೃತ್ತಿಗೆ ಹಬ್ಬಿತ್ತು. ಸಾಲದ್ದಕ್ಕೆ, ಅವಳ ಗಡ್ಡೆಯಲ್ಲಿ ಆ ಗುರುತೇ ಇರಲಿಲ್ಲ.

"ನಂಗೆ ಕೊಟ್ಟಿದ್ದನ್ನೇ ಕೊಡಿ ಡಾಕ್ಟ್ರೇ," ಎಂದು ಅಕ್ಕ ಪಟ್ಟು ಹಿಡಿದಳು. "ಒಂದೇ ಹೊಟ್ಟೇಲಿ ಹುಟ್ಟಿದವ್ರು ನಾವು."

"ಕೊಟ್ರೂ ಅದಕ್ಕೆ ಹಿಡಿಯೋಕೆ ಅಲ್ಲೇನೂ ಇಲ್ಲಮ್ಮ," ಎಂದರು ಡಾಕ್ಟರಮ್ಮ. ಬೇರೆ ಔಷಧಿ ಕೊಡುವೆವೆಂದೂ, ಅದು ಒಂದಷ್ಟು ದಿನ ದೂಡೀತೇ ಹೊರತು ಗುಣಪಡಿಸಲಾರದೆಂದೂ ಮೆಲ್ಲಗೆ ತಿಳಿಸಿದರು.

ಹೊರಗೆ ಗೋಡೆಗೆ ಒರಗಿ ಅಳುತ್ತಿದ್ದ ಅಕ್ಕನಿಗೆ ತಂಗಿಯೇ ಸಮಾಧಾನ ಹೇಳಬೇಕಾಯಿತು.

"ಹುಟ್ಟಿದಾಗಿಂದ ನೀನು ಬಿಟ್ಟಿದ್ದನ್ನೇ ಹಾಕ್ಕೊಂಡೆ ಕಣೇ. ಔಷಧಿನಾದ್ರೂ ನಂದೇ ಒಂದಿರ್ಲಿ ಬಿಡು."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನಿಂಗೆ ವಾಸಿ ಆಗೋದನ್ನ ಕಣ್ಣಾರೆ ನೋಡ್ತಿದ್ನಲ್ಲಕ್ಕ. ಭಯಾನೇ ಆಗ್ಲಿಲ್ಲ."

ತಂಗಿ ತೀರಿಹೋದ ಮೇಲೆ ಅಕ್ಕ ತಪಾಸಣೆಗೆ ಒಬ್ಬಳೇ ಹೋದಳು. ರೋಗದ ಸುಳಿವೂ ಇಲ್ಲವೆಂದು ಡಾಕ್ಟರಮ್ಮ ಬೆನ್ನು ತಟ್ಟಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪರಿಚಿತ ಹೆಂಗಸೊಬ್ಬಳು ಡಾಕ್ಟರು ಏನಂದರೆಂದು ಅಕ್ಕರೆಯಿಂದ ವಿಚಾರಿಸಿದಳು. ಚೆನ್ನಾಗಿದ್ದೇನಂತೆ ಎನ್ನಲು ಬಾಯಿ ತೆರೆದ ಅಕ್ಕ, ಆ ಒಂದು ಮಾತು ಆಡಲಾರದೆ, ತಂಗಿ ತನ್ನ ಪಕ್ಕ ಕೂರುತ್ತಿದ್ದಂತೆ ಆ ಹೆಂಗಸಿನ ಪಕ್ಕ ಕೂತಳು.