ನೆರಳು ಸರಿದಂತೆ ಸಾಲು

ನಮ್ಮ ಪಿ.ಟಿ. ಮಿಸ್ ವಾಚು ಬಿಚ್ಚಿದರೆ ಮಣಿಕಟ್ಟಿನ ಮೇಲೆ ಇನ್ನೊಂದು ವಾಚು ಕಾಣುತ್ತಿತ್ತು. ಬೆಳ್ಳಗೆ, ಪಟ್ಟಿ ಸಮೇತ. ಅದರ ಆಚೀಚೆ ಕೈಯೆಲ್ಲ ಸೀದ ರಾಗಿರೊಟ್ಟಿಯ ಬಣ್ಣ. "ಹುಟ್ದಾಗ ಈ ಕಲರ್ ಇದ್ದೆ ಕಣೇ, ಸಾಕ್ಷಿ ಇಟ್ಕೊಂಡಿದೀನಿ" ಎಂದು ನಗುತ್ತಿದ್ದರು.

ಗುಬ್ಬಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಗಣಿತ ಹೇಳುವವಳು. ಇಬ್ಬರ ಬಾಡಿಗೆ ಮನೆಯೂ ತುಮಕೂರಿನ ಬಟವಾಡಿಯಲ್ಲೇ, ದಿನಾ ಒಂದೇ ಬಸ್ಸು. ನಾನು ಸನ್‌ಸ್ಕ್ರೀನ್ ಬಳಿದು ದುಪಟ್ಟಾದಲ್ಲಿ ಮುಖ ಸುತ್ತಿ ಕಳ್ಳಿಯ ಹಾಗೆ ಹೊರಟರೆ ಅವರದು ಬರಿದಲೆ. "ಬಿಸಿಲೇನ್ ನಮ್ಮನೆ ಸೊಸೇನಾ, ಹೇಳ್ದಂಗೆ ಕೇಳಕ್ಕೆ?" ಎನ್ನುತ್ತಿದ್ದರು.

ಮಕ್ಕಳ ವಿಷಯಕ್ಕೆ ಮಾತ್ರ ಬೇರೆ ಕಾನೂನು. ನಮ್ಮ ಮೈದಾನಕ್ಕೆ ಇರುವುದು ಒಂದೇ ಹೊಂಗೆ ಮರ. ಅದರ ನೆರಳು ಸರಿದ ಹಾಗೆಲ್ಲ ಪೀಪಿ ಊದಿ ಸಾಲನ್ನೂ ಸರಿಸುತ್ತಿದ್ದರು. ತಾವು ಎದುರಿಗೆ, ಬಿಸಿಲಿನಲ್ಲಿ. ಒಂದು ಕ್ರೀಡಾ ದಿನ ಮುಖ್ಯ ಅತಿಥಿಗಳು ಬರುವುದು ತಡವಾಯಿತು. ಸಾಲು ಕೆಡಿಸಬೇಡಿ ಎಂದು ಹೆಡ್‌ಮಾಸ್ಟರ್ ಎಷ್ಟು ಹೇಳಿದರೂ ಕೇಳದೆ ಎಲ್ಲರನ್ನೂ ಮರದಡಿಗೆ ಓಡಿಸಿದರು. "ಅವರು ಬರೋಗಂಟ ಒಣಗ್ತಾ ನಿಂತಿರಕ್ಕೆ ಇವೇನ್ ಹಪ್ಪಳನಾ ಸಾರ್?" ಹೆಡ್‌ಮಾಸ್ಟರ್ ಮೂರು ದಿನ ಅವರ ಜೊತೆ ಮಾತು ಬಿಟ್ಟಿದ್ದರು.

ಕುಣಿಗಲ್ಲಿನಲ್ಲಿ ಅವರ ತಂಗಿಯ ಮದುವೆ ಗೊತ್ತಾಯಿತು. "ಬೀಗರ ಪಕ್ಕ ಫೋಟೋಗೆ ನಿಂತ್ಕೊಳ್ಳೋ ಹೊತ್ಗಾದ್ರೂ ಮುಖ ವಸಿ ತಿಳಿಯಾಗ್ಲಿ" ಎಂದು ಅವರಮ್ಮ ಫೋನು ಮಾಡಿದ್ದರು. ಮಿಸ್ ಅದನ್ನು ಬಸ್ಸಿನಲ್ಲಿ ತಮಾಷೆಗೆ ಹೇಳಿದರು, ಆದರೆ ಎರಡು ಸಲ ಹೇಳಿದರು. ನಾನು ಬ್ಯಾಗಿನಿಂದ ಚಿಕ್ಕ ಟ್ಯೂಬೊಂದನ್ನು ತೆಗೆದು ಕೊಟ್ಟೆ. ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಕೊಡುತ್ತಿದ್ದ ಕ್ರೀಮು. ನನ್ನ ಚಿಕ್ಕಮ್ಮನ ಮಗಳು ವಾರ ಹಚ್ಚಿ ಬೆಳ್ಳಗಾಗಿದ್ದಳು. ಡಾಕ್ಟರ ಸಲಹೆ ಇಲ್ಲದೆ ಬಳಸಬೇಡಿ ಎಂದು ಅದರ ಮೇಲೇ ಬರೆದಿತ್ತು. ಓದು ಬರುವ ನಾನು ಓದಲಿಲ್ಲ.

ಮದುವೆ ಫೋಟೋಗಳಲ್ಲಿ ಮಿಸ್ ಹೊಳೆಯುತ್ತಿದ್ದಾರೆ. ಆಮೇಲೆ ಹಚ್ಚುವುದು ಬಿಟ್ಟರೆ ಮುಖ ಉರಿಯತೊಡಗಿತು. ಉರಿ ನಿಲ್ಲಲೆಂದು ಮತ್ತೆ ಹಚ್ಚಿದರು. ಹೀಗೇ ವರ್ಷ ಕಳೆಯಿತು. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಜೊತೆಗೆ ನಾನೂ ಇದ್ದೆ. "ಇದು ಟ್ಯಾನ್ ತೆಗೆಯೋ ಕ್ರೀಮಲ್ಲಮ್ಮ, ಸ್ಟೀರಾಯ್ಡು. ಚರ್ಮ ತೆಳ್ಳಗಾಗೋಗಿದೆ. ಬಿಸಿಲಿಗೆ ಹೋಗ್ಲೇಬೇಡಿ" ಎಂದರು ಡಾಕ್ಟರು.

"ನಾನು ಪಿ.ಟಿ. ಟೀಚರ್ ಮೇಡಂ" ಎಂದರು ಮಿಸ್. ಡಾಕ್ಟರು ಔಷಧಿ ಚೀಟಿ ಬರೆಯತೊಡಗಿದರು.

ಶಾಲೆಯವರು ಒಂದು ತಿಂಗಳು ಆಫೀಸಿನಲ್ಲಿ ಕೂರಿಸಿದರು, ಆಮೇಲೆ ಹೊಸ ಪಿ.ಟಿ. ಸಾರ್ ಬಂದರು.

ಕಳೆದ ತಿಂಗಳು ಕುಣಿಗಲ್ಲಿಗೆ ಹೋಗಿದ್ದೆ. ಮಿಸ್ ಈಗ ಅಮ್ಮನ ಮನೆಯಲ್ಲಿದ್ದಾರೆ. ಹಗಲಲ್ಲೇ ಕಿಟಕಿಗೆ ದಪ್ಪ ಬೆಡ್‌ಶೀಟು ಕಟ್ಟಿದ್ದರು. ಮುಖದ ತುಂಬ ಕೆಂಪು, ಕೆನ್ನೆಯ ಸಣ್ಣ ನರಗಳೂ ಕಾಣುತ್ತವೆ. ಎರಡು ವರ್ಷದಿಂದ ಔಷಧಿ ನಡೆದಿದೆ. ಸ್ವಲ್ಪ ವಾಸಿಯಾಯಿತು ಅನ್ನುವಷ್ಟರಲ್ಲಿ ಒಂದು ದಿನ ಬಿಸಿಲು ತಗುಲಿದರೆ ಮತ್ತೆ ಮೊದಲಿನ ಹಾಗೇ. ವಾಸಿಯಾಗುತ್ತದೆ ಎಂಬ ಮಾತನ್ನು ಈಗ ಆ ಮನೆಯಲ್ಲಿ ಯಾರೂ ಆಡುವುದಿಲ್ಲ.

"ನನ್ನಿಂದಾನೇ ಅಲ್ವಾ ಮಿಸ್" ಎಂದೆ.

"ಹಚ್ಕೊಂಡಿದ್ದು ನನ್ ಕೈ ಕಣೇ. ಬುಡು."

ಆ ಕೈ ನೋಡಿದೆ, ವಾಚಿನ ಗುರುತು ಹುಡುಕಿದೆ. ಒಳಗೇ ಇದ್ದೂ ಇದ್ದೂ ಕೈಯೆಲ್ಲ ಒಂದೇ ಬಣ್ಣಕ್ಕೆ ತಿರುಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಲಿಲ್ಲ, ಬೇರೇನನ್ನೋ ಯೋಚಿಸುತ್ತಿದ್ದರು.

"ನೆರಳು ಸರಿದಾಗ ಹುಡುಗ್ರನ್ನ ಸರಿಸ್ತಾರಾ, ಹೊಸಬ್ರು?"

"ಸರಿಸ್ತಾರೆ ಮಿಸ್" ಎಂದೆ.

ಹೊಸ ಸಾರ್ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಮಕ್ಕಳು ಎದುರಿಗೆ ಬಿಸಿಲಿನಲ್ಲಿ ನಿಂತಿರುತ್ತವೆ. ಕ್ಲಾಸಿನ ಕಿಟಕಿಯಿಂದ ದಿನಾ ನೋಡುತ್ತೇನೆ. ಹೋಗಿ ಹೇಳುವ ಎದೆ ನನಗಿಲ್ಲ.