ಅಟ್ಟದ ಮೇಲಿನ ಕಬ್ಬೆಕ್ಕು

ಇವತ್ತು ಬೆಳಿಗ್ಗೆ ಅಟ್ಟದಿಂದ ಗಂಧಸಾಲೆ ಅಕ್ಕಿಯ ಅನ್ನ ಬೆಂದ ವಾಸನೆ ಬಂತು. ಒಲೆಯ ಮೇಲೆ ನಾನಿನ್ನೂ ಏನೂ ಇಟ್ಟಿರಲಿಲ್ಲ. ಕಬ್ಬೆಕ್ಕು ಬಂದಿದೆ ಎಂದುಕೊಂಡೆ. ಪೇಟೆಯವರು ಪುನುಗು ಬೆಕ್ಕು ಎನ್ನುತ್ತಾರಲ್ಲ, ಅದು. ಅದಿದ್ದ ಕಡೆ ಹೀಗೆ ಅನ್ನದ ವಾಸನೆ. ನಂಬದಿದ್ದರೆ ಬಂದು ಮೂಸಿ ನೋಡಿ.

ಕಾಫಿ ಹಣ್ಣಾದಾಗ ಅದು ಆರಿಸಿ ಆರಿಸಿ ಒಳ್ಳೆಯದನ್ನೇ ತಿನ್ನುತ್ತದೆ. ಬೀಜ ಮಾತ್ರ ಹಾಗೆಯೇ ಹಿಕ್ಕೆಯಲ್ಲಿ ಬೀಳುತ್ತದೆ. ನಮ್ಮ ಯಜಮಾನರು ಅದನ್ನು ಆಯ್ದು, ತೊಳೆದು, ಒಣಗಿಸಿ ಮನೆಯ ಕಾಫಿಗೆ ಇಡುತ್ತಿದ್ದರು. ಗಿಡದಲ್ಲಿ ಕೊಯ್ದದ್ದು ಮಾರುವುದಕ್ಕೆ, ಬೆಕ್ಕಿನದು ಕುಡಿಯುವುದಕ್ಕೆ. ಸಣ್ಣ ತೋಟದವರ ಪದ್ಧತಿ ಅದು. ನಾನು ಮೂಗು ಮುರಿಯುತ್ತಿದ್ದೆ; ಲೋಟ ಮಾತ್ರ ಎರಡು ಸಲ ಒಡ್ಡುತ್ತಿದ್ದೆ.

ಆಮೇಲೆ ಚೀನಾದ ಸಾರ್ಸ್ ಕಾಯಿಲೆಯ ಸುದ್ದಿ ಬಂತು. ಪೇಪರಿನಲ್ಲಿ ಇದೇ ಬೆಕ್ಕಿನ ಚಿತ್ರ. ಇದರಿಂದ ಮನುಷ್ಯರಿಗೆ ಉಸಿರಿನ ಕಾಯಿಲೆ ಹತ್ತಿ ಸಾಯುತ್ತಿದ್ದಾರೆಂದು ಅಂಗಡಿಯಲ್ಲಿ ಯಾರೋ ಓದಿ ಹೇಳಿದರು. ಅದೇ ವಾರ ಇವರು ಮಳೆಯಲ್ಲಿ ನೆನೆದು ಜ್ವರ ಹಿಡಿದು ಮಲಗಿದರು. ಉಸಿರೆಳೆದರೆ ಎದೆ ಚುಚ್ಚುತ್ತಿತ್ತು. ಊರಿಗೆ ಇನ್ನೇನು ಬೇಕು? ಬೆಕ್ಕಿನ ಹಿಕ್ಕೆ ಆಯ್ದವನಿಗೆ ಬೆಕ್ಕಿನ ಕಾಯಿಲೆ.

ಆಸ್ಪತ್ರೆಗೆ ಕರೆದೊಯ್ಯಲು ಹೇಳಿಕಳಿಸಿದರೆ ಜೀಪಿನ ಮಂಜ ಅಂಗಳದ ಆಚೆಯೇ ನಿಂತ. "ಅತ್ತಿಗೆ, ಬೇಜಾರ್ ಮಾಡ್ಕಬೇಡಿ. ನಾಳೆ ಬೇರೆಯೋರೂ ಕೂರ್ಬೇಕಲ್ಲ ಇದ್ರಲ್ಲಿ."

"ನಿನ್ ಮಗಳ ಮದುವೆ ಚಪ್ಪರ ಹಾಕಿದ್ದು ಇವ್ರೇ ಅಲ್ವೇನೋ?"

ಅವನು ಜೀಪು ತಿರುಗಿಸಿದ.

ಮೈದುನ ಚಂದ್ರನಿಗೆ ಅಣ್ಣನ ಮೇಲೆ ಪ್ರೀತಿಯಿಲ್ಲವೆಂದಲ್ಲ. ಬೆಕ್ಕು ಸತ್ತರೆ ಕಾಯಿಲೆ ಹೋಗುತ್ತದೆಂದು ಅವನು ನಂಬಿದ್ದ. ಮಡಕೆಗೆ ಕೆಂಡ ಸುರಿದು, ಹಸಿ ಸೊಪ್ಪು, ಒಣಮೆಣಸಿನಕಾಯಿ ತುಂಬಿ, ಬೆಕ್ಕು ಅಡಗುತ್ತಿದ್ದ ಅಟ್ಟಕ್ಕೆ ಏರಿಸಿದ.

"ಕೆಳಗೆ ನಿನ್ನಣ್ಣ ಮಲಗಿದಾರಲ್ಲೋ."

"ಇರ್ಲಿ ಬಿಡಿ ಅತ್ತಿಗೆ. ಹೊಗೆ ಕುಡಿದ್ರೆ ಎದೇಲಿರೋ ಹುಳಾನೂ ಸಾಯುತ್ತೆ."

ಹೆಂಚಿನ ಸಂದಿಯಿಂದ ಹಾರಿದ ಬೆಕ್ಕನ್ನು ಹೊರಗೆ ಕಾದಿದ್ದ ಊರವರು ದೊಣ್ಣೆಯಲ್ಲಿ ಹೊಡೆದು ಕೊಂದರು. ನಾನು ಇವರನ್ನು ಕಂಬಳಿ ಸಮೇತ ಜಗಲಿಗೆ ಎಳೆಯುವಷ್ಟರಲ್ಲಿ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ದಾರಿಯಲ್ಲಿ ಸಿಕ್ಕ ಹಾಲಿನ ವ್ಯಾನಿನವನು ಕಳಸದ ಆಸ್ಪತ್ರೆಗೆ ಮುಟ್ಟಿಸಿದ. ಸಂಜೆ ತೀರಿಕೊಂಡರು.

"ಇದು ಮಾಮೂಲಿ ನ್ಯುಮೋನಿಯಾ ಅಮ್ಮ," ಎಂದರು ಡಾಕ್ಟರು. "ಆ ಕಾಯಿಲೆ ನಮ್ಮ ಕಡೆ ಬಂದೇ ಇಲ್ಲ. ಅಲ್ಲಿ ಮಾರ್ಕೆಟ್ಟಲ್ಲಿ ಜೀವಂತ ಪ್ರಾಣಿಗಳನ್ನ ಪಂಜರದಲ್ಲಿ ಒತ್ತೊತ್ತಾಗಿ ತುಂಬಿ, ಅಲ್ಲೇ ಕೊಯ್ತಾರೆ. ಅಲ್ಲಿಂದ ಮನುಷ್ಯರಿಗೆ ದಾಟಿದೆ ಅಂತಾರೆ. ದಾಟಿದ ಮೇಲೆ ಬೆಕ್ಕೂ ಬೇಡ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಸಾಕು. ಹೊಗೆ ಯಾಕಮ್ಮ ಹಾಕಿದ್ರಿ?"

ಜೊತೆಗೆ ಬಂದಿದ್ದ ಚಂದ್ರ ಗೋಡೆ ನೋಡುತ್ತಿದ್ದ. ನನಗೆ ತಿಳಿದದ್ದು ಇಷ್ಟು. ಕಾಯಿಲೆ ಬರಲಿಲ್ಲ; ಅದರ ಸುದ್ದಿ ಬಂದು ಇವರನ್ನು ತೆಗೆದುಕೊಂಡು ಹೋಯಿತು. ಆಮೇಲೆ ನಮ್ಮ ಮನೆಯಲ್ಲಿ ಬೆಕ್ಕಿನ ಬೀಜವನ್ನು ಯಾರೂ ಮುಟ್ಟಲಿಲ್ಲ.

ಇವತ್ತು ಹೊತ್ತೇರಿದ ಮೇಲೆ ಚಂದ್ರ ಬಂದ. ಅವನಿಗೂ ಈಗ ಮಂಡಿನೋವು. ಒಳಗೆ ಕಾಲಿಟ್ಟವನೇ ಮೂಸಿದ.

"ಅತ್ತಿಗೆ, ಬೆಕ್ಕು ಸೇರ್ಕಂಡಿದೆ. ಹೊಗೆ ಹಾಕ್ಲಾ?"

"ಹಾಕು. ಮೊದ್ಲು ಇಲ್ಲಿ ಚಾಪೆ ಹಾಸ್ಕಂಡು ಮಲಗು."

ಅವನು ಜಗಲಿಯಲ್ಲಿ ಕೂತ. ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದ.

ನಾನು ಬುಟ್ಟಿ ಹಿಡಿದು ತೋಟಕ್ಕೆ ಇಳಿದೆ. ಬಂಡೆಯ ಮೇಲೆ ಹಿಕ್ಕೆ ಬಿದ್ದಿತ್ತು. ಕೂತು ಬೀಜ ಆಯ್ದೆ.